ತುದಿ ಮುರಿದ ಸಬ್ಬಕ್ಕಿ ಐಸ್

ಐಸ್ ಮಾಡುವವನು ಐಸ್ ತಿನ್ನುವುದಿಲ್ಲ. ಟಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದೆ ಮೂವತ್ತು ವರ್ಷ ಐಸ್ ಕ್ಯಾಂಡಿ ಮಾಡಿದವನು ನಾನು, ರಾಚಯ್ಯ. ಕೈಬೆರಳು ಮರಗಟ್ಟಿದೆಯೇ ಹೊರತು ನಾಲಿಗೆ ತಣ್ಣಗಾದದ್ದು ಕಡಿಮೆ. ಒಂದು ಶೀಟಿನ ಕೋಣೆ, ಒಂದು ಕಂಪ್ರೆಸರ್, ಒಂದು ಮರದ ತೊಟ್ಟಿ, ಇಷ್ಟಕ್ಕೆ ಜನ ಐಸ್ ಫ್ಯಾಕ್ಟರಿ ಅನ್ನುತ್ತಾರೆ. ಅನ್ನಲಿ ಬಿಡಿ, ನನಗೇನು ನಷ್ಟವಿಲ್ಲ. ಆದರೆ ಆ ಎರಡು ವಾರದಲ್ಲಿ ಒಂದೇ ಒಂದು ಐಸನ್ನು ನಾನು ನಾಲಿಗೆಗೆ ಹಚ್ಚಿ ನೋಡಿದ್ದರೆ ಇಷ್ಟು ವರ್ಷ ಹೀಗೆ ಬೇಯಬೇಕಾಗಿರಲಿಲ್ಲ.

ಕಸುಬಿನ ಒಂದು ಮಾತು ಮೊದಲು ಹೇಳಿಬಿಡುತ್ತೇನೆ. ತೊಟ್ಟಿಯ ತುಂಬ ಉಪ್ಪುನೀರು ಇರುತ್ತದೆ. ಉಪ್ಪು ಬಿದ್ದ ನೀರು ಎಷ್ಟು ತಣ್ಣಗಾದರೂ ಗಟ್ಟಿಯಾಗುವುದಿಲ್ಲ. ಸಕ್ಕರೆ ನೀರು ತುಂಬಿದ ತಗಡಿನ ಅಚ್ಚನ್ನು ಅದರೊಳಗೆ ಇಳಿಬಿಟ್ಟರೆ ಅಚ್ಚಿನ ಒಳಗಿನದು ಗಟ್ಟಿಯಾಗುತ್ತದೆ. ಸಬ್ಬಕ್ಕಿ ಹಾಕಿದರೆ ಅದೆಲ್ಲ ಅಚ್ಚಿನ ತಳಕ್ಕೆ ಹೋಗಿ ಕೂರುತ್ತದೆ. ಕಡ್ಡಿ ಹಿಡಿದು ಎತ್ತಿ ತಲೆಕೆಳಗು ಮಾಡಿದರೆ ಆ ತಳವೇ ಐಸಿನ ತುದಿ. ಅದಕ್ಕೇ ಮಕ್ಕಳು ಮೊದಲು ತುದಿಗೇ ಬಾಯಿ ಹಾಕುವುದು. ಆದರೆ ಅಚ್ಚು ಹಳೆಯದಾಗಿ ತಳದ ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ತೊಟ್ಟಿಯ ಉಪ್ಪುನೀರು ಒಳಗೆ ಜಿನುಗುತ್ತದೆ. ನಮ್ಮಲ್ಲಿ ಅದನ್ನು ಉಪ್ಪು ಕುಡಿದ ಐಸ್ ಅನ್ನುತ್ತೇವೆ.

ನನಗೆ ಒಬ್ಬಳೇ ತಂಗಿ, ರೋಜಾ. ಅಪ್ಪ ಸತ್ತಾಗ ನನಗೆ ಹದಿನಾಲ್ಕು, ಅವಳಿಗೆ ನಾಲ್ಕು. ನಾನು ಏಳನೇ ಕ್ಲಾಸಿಗೆ ಶರಣು ಹೊಡೆದು ಸೈಕಲ್ಲಿನ ಹಿಂದೆ ಐಸ್ ಡಬ್ಬ ಕಟ್ಟಿಕೊಂಡು ಸೋಸಲೆ, ಮುಡುಕುತೊರೆ ಅಂತ ಊರೂರಿಗೆ ಬೆಲ್ ಹೊಡೆಯುತ್ತಾ ಹೊರಟೆ. ಅವಳು ಓದಿದಳು. ತಾಂಡವಪುರದ ಸಿದ್ದುವನ್ನು ಮದುವೆಯಾಗಿ ಅಲ್ಲೇ ಅಂಗನವಾಡಿ ಟೀಚರ್ ಆದಳು. ಅವಳ ಬಾಯಿ ಮಾತ್ರ ಕಲೆಕ್ಟರದ್ದು. ತೊಂಬತ್ತೆಂಟರಲ್ಲಿ ಗಳಗಂಡ ಬರದ ಹಾಗೆ ಎಲ್ಲರೂ ಅಯೋಡಿನ್ ಉಪ್ಪು ತಿನ್ನಬೇಕು ಅಂತ ಸರ್ಕಾರ ಹೇಳಿದಾಗ ಇವಳು ಮನೆಮನೆಗೆ ನುಗ್ಗಿ ಉಪ್ಪಿನ ಮಡಕೆಗೇ ಕೈ ಹಾಕಿದಳು. ಹಬ್ಬಕ್ಕೆ ಬಂದವಳು ನನ್ನ ಕೋಣೆಯಲ್ಲಿದ್ದ ಕಲ್ಲುಪ್ಪಿನ ಮೂಟೆಯನ್ನೂ ಬಿಡಲಿಲ್ಲ.

"ಇದು ತಿನ್ನಕಲ್ಲ ಕಣವ್ವಾ, ತೊಟ್ಟಿಗೆ" ಅಂದೆ.

"ಯಂಗೂ ನಿನ್ ಐಸು ಉಪ್ಪು ಕುಡೀತದಲ್ಲಣ್ಣ. ಐಕ್ಳು ಚೀಪೋದು ಒಳ್ಳೆ ಉಪ್ಪಾದ್ರೂ ಆಗ್ಲಿ ಬುಡು" ಅಂದಳು. ನನ್ನ ಹೆಂಡತಿ ಮಂಚಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವತ್ತಿನಿಂದ ನನ್ನ ತೊಟ್ಟಿಗೂ ನಗುವ ಸೂರ್ಯನ ಚಿತ್ರವಿದ್ದ ಅಯೋಡಿನ್ ಉಪ್ಪಿನ ಮೂಟೆಯೇ ಬರತೊಡಗಿತು. ತಂಗಿ ಹೇಳಿದ್ದನ್ನು ಮೀರಿದವನಲ್ಲ ನಾನು.

ಎರಡು ಸಾವಿರದ ಮೂರರ ಜನವರಿಯಲ್ಲಿ ಅವಳ ಕತ್ತಿನಲ್ಲಿ ಎದ್ದಿದ್ದ ಗಂಟು ಥೈರಾಯಿಡ್ ಕ್ಯಾನ್ಸರ್ ಅಂತ ಗೊತ್ತಾಯಿತು. ಊರಿಗೆಲ್ಲ ಉಪ್ಪು ತಿನ್ನಿಸಿದವಳ ಕತ್ತಿಗೇ ಯಾಕೆ ಬಂತು ಅಂತ ನಾನು ಆಸ್ಪತ್ರೆಯ ಬಾಗಿಲಲ್ಲಿ ಕೂಗಾಡಿದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಅವಳೇ ಸಮಾಧಾನ ಹೇಳಿದಳು. ಬೆಂಗಳೂರಲ್ಲಿ ಆಪರೇಷನ್ ಆಯಿತು. ಉಳಿದ ರೋಗಕ್ಕೆ ಒಂದು ಔಷಧಿ ಕುಡಿಸಬೇಕು, ಅದಕ್ಕೆ ಬೆಡ್ ಸಿಗಲು ಮೂರು ತಿಂಗಳು ಕಾಯಬೇಕು ಅಂದರು. ಔಷಧಿ ಕುಡಿಯುವ ಮುಂಚಿನ ಎರಡು ವಾರ ಅಯೋಡಿನ್ ಇರುವ ಯಾವುದನ್ನೂ ಬಾಯಿಗಿಡುವಂತಿಲ್ಲ.

ಯಾಕೆ ಅಂತ ನನಗೆ ಅರ್ಥ ಮಾಡಿಸಿದವಳೂ ಅವಳೇ. "ಇಲಿ ಪಾಷಾಣ ಇಡಲ್ವ ಅಣ್ಣ? ಮನೇಲಿರೋ ಕಾಳೆಲ್ಲ ಎತ್ತಿಟ್ಟು ಇಲೀನ ಹಸಿಸ್ಬೇಕು. ಆಗ ಪಾಷಾಣ ಗಬಗಬ ತಿಂತದೆ. ಈ ರೋಗಕ್ಕೆ ಪಾಷಾಣನೂ ಅಯೋಡಿನ್ನೇ. ಮುಂಚೇನೇ ಹೊಟ್ಟೆ ತುಂಬಿದ್ರೆ ಅದು ತಿನ್ನಲ್ಲ, ಸಾಯಲ್ಲ."

ಆ ಮಾತು ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು.

ಆ ಎರಡು ವಾರ ಅವಳು ತವರಿನಲ್ಲಿ ಇರಬೇಕೆಂದು ನಾನೇ ಹಟ ಹಿಡಿದೆ. ಅವಳ ಅತ್ತೆಗೆ ಕಣ್ಣು ಮಂಜು, ಯಾವ ಉಪ್ಪು ಎಲ್ಲಿಗೆ ಹಾಕುತ್ತಾಳೋ ಅಂತ ಭಯ. ಏಪ್ರಿಲ್ ಮೊದಲ ವಾರ ಕರೆತರಲು ನಾನೇ ಹೋದೆ. ನಂಜನಗೂಡಿನ ಆಫೀಸಿನಲ್ಲಿ ಅವಳು ರಜೆ ಅರ್ಜಿ ಕೊಟ್ಟಳು. ಜೊತೆಗೆ ಮಗಳು ಚೈತ್ರ, ಹನ್ನೆರಡು ವರ್ಷ, ಪರೀಕ್ಷೆ ಮುಗಿದಿತ್ತು. ನರಸೀಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಿಸಿಲಿಗೆ ರಸ್ತೆಯ ಟಾರು ಚಪ್ಪಲಿಗೆ ಅಂಟುತ್ತಿತ್ತು. ಆಪರೇಷನ್ ಆದಮೇಲೆ ಅವಳಿಗೆ ಗಂಟಲು ಒಣಗುವುದು ನಿಂತೇ ಇರಲಿಲ್ಲ. ದೇವಸ್ಥಾನದ ರಸ್ತೆಯ ಐಸ್‌ಕ್ರೀಮ್ ಅಂಗಡಿಯೊಂದರ ಮುಂದೆ ನಿಂತು, "ಏನಾರ ತಣ್ಣಗೆ ತಿನ್ನಂಗಾಗದೆ ಅಣ್ಣ" ಅಂದಳು.

ಒಳಗೆ ಹೋದೆವು. ಗಾಜಿನ ಮುಚ್ಚಳದ ಕೆಳಗೆ ಬಣ್ಣಬಣ್ಣದ್ದು ಇತ್ತು. ಅವಳು ಬ್ಯಾಗಿನಿಂದ ಆಸ್ಪತ್ರೆಯ ಚೀಟಿ ತೆಗೆದಳು, ಪೆನ್ಸಿಲ್ ತೆಗೆದಳು. ಮಕ್ಕಳ ಹಾಜರಿ ಕರೆಯುವ ಹಾಗೆ ಒಂದೊಂದೇ ಕೇಳತೊಡಗಿದಳು.

"ವೆನಿಲ್ಲಾ?"

"ಪ್ಯೂರ್ ಹಾಲಿಂದು ಮೇಡಂ" ಅಂದ ಅಂಗಡಿಯವನು ಹೆಮ್ಮೆಯಿಂದ.

"ಹಾಲು ಆಗಲ್ಲ, ಅದರಲ್ಲೂ ಅಯೋಡಿನ್ ಅದೆ. ಬಾದಾಮಿ ಕುಲ್ಫಿ?"

"ಅದು ಇನ್ನೂ ಗಟ್ಟಿ ಹಾಲು."

"ಈ ಚಾಕೊಲೇಟಿಂದು?"

"ಎಲ್ಲಾ ಹಾಲೇ ಮೇಡಂ. ನಮ್ದು ನೀರಿನ ವ್ಯಾಪಾರ ಅಲ್ಲ."

ಅವನು ನನ್ನ ಕಡೆ ನೋಡಿ ಹೇಳಲಿಲ್ಲ. ಆದರೂ ನನಗೆ ತಾಗಿತು. ಮೂವತ್ತು ವರ್ಷ ನಾನು ಮಾಡಿದ್ದು ಹೆಚ್ಚಾಗಿ ನೀರಿನ ವ್ಯಾಪಾರವೇ.

ಮೂಲೆಯಲ್ಲಿ ಹಾಲಿಲ್ಲದ ಒಂದು ಕೆಂಪು ಕಡ್ಡಿ ಐಸ್ ಇತ್ತು. ರೋಜಾಳ ಕಣ್ಣು ಅರಳಿತು. ಚೀಟಿ ನೋಡಿದಳು. ಒಂದು ಜಾತಿಯ ಕೆಂಪು ಬಣ್ಣದಲ್ಲೂ ಅಯೋಡಿನ್ ಇರುತ್ತದಂತೆ. ಯಾವ ಬಣ್ಣ ಅಂತ ಕೇಳಿದರೆ ಅವನಿಗೇನು ಗೊತ್ತು? "ತಿನ್ನೋ ಬಣ್ಣ ಮೇಡಂ" ಅಂದ. ಅವಳು ಪೆನ್ಸಿಲ್ಲನ್ನು ಬ್ಯಾಗಿಗೆ ಹಾಕಿ ಚೈತ್ರಳಿಗೆ ಒಂದು ಕೋನ್ ಕೊಡಿಸಿದಳು. ಚೈತ್ರ ಅಮ್ಮನಿಗೆ ಬೆನ್ನು ಹಾಕಿ ತಿಂದಳು. ನನ್ನ ತಂಗಿ ಗಾಜಿನ ಮುಚ್ಚಳದ ಮೇಲೆ ಅಂಗೈ ಇಟ್ಟು ಸುಮ್ಮನೆ ತಂಪು ಹಿಡಿದುಕೊಂಡು ನಿಂತಿದ್ದಳು. ನಾನು ಹೋಗಿ ಅವಳ ತೋಳು ಹಿಡಿದೆ.

"ಬಾ ರೋಜಾ. ಇವ್ನದೇನು? ನಿನ್ ಅಣ್ಣ ಐಸ್ ಮಾಡೋನು. ಆಲಿಲ್ದೆ, ಬಣ್ಣಿಲ್ದೆ ನಿಂಗೆ ಸಬ್ಬಕ್ಕಿ ಐಸ್ ಮಾಡ್‌ಕೊಡ್ತೀನಿ" ಅಂದೆ. ಅಂಗಡಿಯವನಿಗೂ ಕೇಳಲಿ ಅಂತ ಸ್ವಲ್ಪ ಜೋರಾಗಿಯೇ ಅಂದೆ.

ಮಾಡಿದೆ. ನನ್ನ ದಿನನಿತ್ಯದ ಅಚ್ಚುಗಳು ಹಾಲಿನ ಐಸ್, ಕೆಂಪು ಐಸ್ ಎಲ್ಲ ಕಂಡವು. ಅದರ ಪಸೆ ಕೂಡ ನನ್ನ ತಂಗಿಯ ಬಾಯಿಗೆ ಹೋಗಬಾರದು. ಅದಕ್ಕೆ ಅಟ್ಟದ ಮೇಲಿಂದ ನನ್ನ ಮೊದಲ ಅಚ್ಚನ್ನು ಇಳಿಸಿದೆ. ಫ್ಯಾಕ್ಟರಿ ಶುರು ಮಾಡಿದಾಗ ಕೊಂಡದ್ದು, ಆರು ಗೂಡಿನದು, ಎಷ್ಟೋ ವರ್ಷದಿಂದ ಮುಟ್ಟಿರಲಿಲ್ಲ. ಹುಣಸೆಹಣ್ಣು, ಬೂದಿ ಹಾಕಿ ಮೂರು ಸಲ ಉಜ್ಜಿದೆ. ಮಂಚಮ್ಮ ತೆಂಗಿನಕಾಯಿ ತುರಿದು ಹಾಲು ಹಿಂಡಿದಳು. ತೆಂಗಿನಕಾಯಿ ಆಗುತ್ತದೋ ಇಲ್ಲವೋ ಅಂತ ರೋಜಾ ಎಸ್‌ಟಿಡಿ ಬೂತಿನಿಂದ ಆಸ್ಪತ್ರೆಗೆ ಫೋನ್ ಮಾಡಿ ಕೇಳಿಯೇ ಒಪ್ಪಿದ್ದು. ಬಾವಿಯ ನೀರು ಕಾಯಿಸಿ ಆರಿಸಿ, ಸಕ್ಕರೆ, ಏಲಕ್ಕಿ, ಬೆಂದ ಸಬ್ಬಕ್ಕಿ. ಅಡುಗೆಗೆ ಬೇರೆ ಮಡಕೆ, ಅಯೋಡಿನ್ ಇಲ್ಲದ, ದನಕ್ಕೆ ಹಾಕುವ ಕಲ್ಲುಪ್ಪು. ಎಲ್ಲ ನೆನಪಿತ್ತು ನನಗೆ. ಮೂರು ಹೊತ್ತೂ ಕೈಯಾಡಿಸುವ ತೊಟ್ಟಿಯ ಉಪ್ಪುನೀರು ಮಾತ್ರ ನೆನಪಾಗಲಿಲ್ಲ. ಅದನ್ನು ಯಾರೂ ತಿನ್ನುವುದಿಲ್ಲವಲ್ಲ, ಅದಕ್ಕೆ.

ರುಚಿ ನೋಡಲಿಲ್ಲ. ಆರು ಐಸ್ ಆದರೆ ಆರೂ ಅವಳವು. ಕಾಯಿಲೆಯವಳಿಗೆ ಅಂತ ಮಾಡಿದ್ದನ್ನು ಎಂಜಲು ಮಾಡಲು ನನಗೆ ಮನಸ್ಸಾಗಲಿಲ್ಲ.

ಮೊದಲ ದಿನ ಹಿತ್ತಿಲಿನ ನುಗ್ಗೆ ಮರದ ಕೆಳಗೆ ಕೂತು ತಿಂದಳು. ಆಪರೇಷನ್ ಆದಮೇಲೆ ದಿನವೂ ನುಂಗುತ್ತಿದ್ದ ಥೈರಾಯಿಡ್ ಮಾತ್ರೆಯನ್ನು ಈ ಔಷಧಿಗಾಗಿ ನಿಲ್ಲಿಸಿದ್ದರಿಂದ ಅವಳಿಗೆ ಆ ಬಿಸಿಲಲ್ಲೂ ಚಳಿ. ಸ್ವೆಟರ್ ಹಾಕಿಕೊಂಡು, ಮುಖ ಊದಿಕೊಂಡು ಐಸ್ ಚೀಪುವವಳನ್ನು ನೋಡಿ ಮಂಚಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ನಾನು ಎದುರಿಗೆ ಕುಕ್ಕರುಗಾಲಲ್ಲಿ ಕೂತಿದ್ದೆ. ಅವಳು ಒಂದು ಸಲ ತುದಿ ಕಚ್ಚಿದಳು. ಒಂದು ಗಳಿಗೆ ತಡೆದಳು. ಆಮೇಲೆ ಬಾಯಲ್ಲಿದ್ದದ್ದನ್ನು ಉಗಿದು, ಐಸಿನ ತುದಿಯನ್ನು ಎರಡು ಬೆರಳಗಲ ಲಟಕ್ಕನೆ ಮುರಿದು ನುಗ್ಗೆ ಮರದ ಬುಡಕ್ಕೆ ಇಟ್ಟಳು.

"ಯಾಕವ್ವ?" ಅಂದೆ.

"ಮೊದಲ್ನೇ ತುತ್ತು ಭೂಮ್ತಾಯಿಗೆ ಕಣಣ್ಣ" ಅಂದಳು. ಉಳಿದದ್ದನ್ನು ತಿಂದಳು. "ಚೆನ್ನಾಗದೆ. ನಂಜನಗೂಡೋನ ಆಲಿನ ಐಸ್ ಎಲ್ಲಾ ಇದ್ರ ಮುಂದೆ ನಿವಾಳಿಸಿ ಬಿಸಾಕ್ಬೇಕು."

ನನಗೆ ಆಶ್ಚರ್ಯವಾಯಿತು. ಮಾರಿಗೆ ಕೋಳಿ ಬಿಟ್ಟರೆ ಅದೇ ಕೋಳಿ ಮೊಟ್ಟೆಯನ್ನು ಮಕ್ಕಳಿಗೆ ಕೊಡಿ ಅಂತ ಜಗಳ ತೆಗೆಯುತ್ತಿದ್ದವಳು ಅವಳು. ಕಾಯಿಲೆ ಬಂದಮೇಲೆ ದೇವರು ದಿಂಡರು ಹತ್ತಿದೆ ಅಂತ ಅಂದುಕೊಂಡೆ. ಹದಿನಾಲ್ಕು ದಿನವೂ ಹಾಗೇ ಮಾಡಿದಳು. ದಿನಕ್ಕೆರಡು ಐಸ್, ಎರಡರ ತುದಿಯೂ ಭೂಮ್ತಾಯಿಗೆ. ಸಪ್ಪೆ ಅನ್ನ ಗಂಟಲಲ್ಲಿ ಇಳಿಯದಿದ್ದರೂ ಸಂಜೆಯ ಐಸಿಗೆ ಕಾಯುತ್ತಿದ್ದಳು. ನಾನೂ ಕಾಯುತ್ತಿದ್ದೆ. ಸತ್ಯ ಹೇಳುತ್ತೇನೆ, ಅವಳು ಸಾಯುವ ಕಾಯಿಲೆಯಲ್ಲಿದ್ದ ಆ ಎರಡು ವಾರದಷ್ಟು ಸಂತೋಷ ನನಗೆ ಬೇರೆ ಯಾವತ್ತೂ ಆಗಿಲ್ಲ.

ಹದಿನೈದನೆಯ ದಿನ ಸಿದ್ದು ಬಂದು ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋದ. ಮಾರನೆಯ ದಿನ ಬೆಳಿಗ್ಗೆ ಔಷಧಿ. ನಾನು ಅಚ್ಚನ್ನು ತೊಳೆದು ಮತ್ತೆ ಅಟ್ಟಕ್ಕೆ ಇಡಲು ಹೋದೆ. ನೀರು ಬಸಿಯಲಿ ಅಂತ ಬಿಸಿಲಿಗೆ ಎತ್ತಿ ಹಿಡಿದೆ. ಒಂದು ಗೂಡಿನ ತಳದಲ್ಲಿ ಬೆಳಕಿನ ಚುಕ್ಕೆ ಕಂಡಿತು. ಇನ್ನೊಂದರಲ್ಲೂ. ಮತ್ತೊಂದರಲ್ಲೂ. ಆರರಲ್ಲಿ ಮೂರು ತೂತು. ಗೋಡೆಗೆ ಒರಗಿಸಿದ್ದ ಉಪ್ಪಿನ ಮೂಟೆಯ ಮೇಲೆ ಸೂರ್ಯ ನಗುತ್ತಿದ್ದ.

ತುದಿ ಮುರಿದಿಟ್ಟಿದ್ದಳು ನಿಜ, ಆದರೆ ಜಿನುಗಿದ ಉಪ್ಪು ಎಷ್ಟು ಮೇಲಕ್ಕೆ ಏರಿತ್ತೋ ಯಾರು ಬಲ್ಲರು? ಎರಡು ವಾರ ಮನೆಯ ಕಾಳೆಲ್ಲ ಎತ್ತಿಟ್ಟು, ನಾನೇ ಇಲಿಗೆ ಹೊಟ್ಟೆ ತುಂಬಿಸಿದ್ದೆ.

ಎಸ್‌ಟಿಡಿ ಬೂತಿಗೆ ಓಡಿದೆ. ವಾರ್ಡಿನ ಫೋನಿಗೆ ಸಿದ್ದುವನ್ನು ಕರೆದರು. ಅವನ ದನಿಯಲ್ಲಿ ಗೆಲುವಿತ್ತು. "ಎಲ್ಲಾ ಸರಿ ಅದೆ ಬಾವ. ರೋಜಾಳ ಪಥ್ಯದ ಪುಸ್ತಕ ನೋಡಿ ಡಾಕ್ಟ್ರು ಶಬಾಶ್ ಅಂದ್ರು. ಈ ಬೆಡ್ ತಪ್ಪಿದ್ರೆ ಇನ್ನು ಮೂರು ತಿಂಗ್ಳು ಆಗೋದಂತೆ, ಸದ್ಯ ಸಿಕ್ತು. ನೀವೇನ್ ಫೋನ್ ಮಾಡಿದ್ದು?"

ಹೇಳಬೇಕಿತ್ತು. ಹೇಳಿದರೆ ಬೆಡ್ ಹೋಗುತ್ತದೆ, ಮೂರು ತಿಂಗಳಲ್ಲಿ ರೋಗ ಎಲ್ಲಿಗೆ ಹಬ್ಬುತ್ತದೋ. ಹೇಳದಿದ್ದರೆ ಔಷಧಿ ವ್ಯರ್ಥ. ಇಷ್ಟೇ ಆಗಿದ್ದರೆ ಯಾವುದೋ ಒಂದು ದಾರಿ ಹಿಡಿಯುತ್ತಿದ್ದೆನೇನೋ. ಅದರ ಕೆಳಗೆ ಇನ್ನೊಂದು ಇತ್ತು, ಅದನ್ನು ಮುಚ್ಚಿಡುವುದಿಲ್ಲ. ರಾಚಯ್ಯನೇ ತಂಗಿಗೆ ಉಪ್ಪು ತಿನ್ನಿಸಿದ ಅಂತ ಆಗುತ್ತದಲ್ಲ ಅನ್ನುವ ಹೆದರಿಕೆ.

"ಸುಮ್ನೆ ಕಣೋ. ಊಟ ಮಾಡುದ್ಲಾ ಅಂತ ಕೇಳಕೆ" ಅಂದು ಫೋನ್ ಇಟ್ಟೆ.

ಔಷಧಿ ಹಿಡಿಯಲಿಲ್ಲ. ಆರು ತಿಂಗಳಿಗೆ ಶ್ವಾಸಕೋಶದಲ್ಲಿ ಗಂಟು ಕಂಡವು. "ಕೆಲವರ ರೋಗ ಅಯೋಡಿನ್ನನ್ನ ತಗೊಳ್ಳೋದೇ ಇಲ್ಲ, ಇದು ಯಾರ ತಪ್ಪೂ ಅಲ್ಲ" ಅಂತ ಡಾಕ್ಟರು ಸಿದ್ದುವಿಗೆ ಹೇಳಿದರಂತೆ. ಅವನು ಬಂದು ನನಗೆ ಹೇಳಿದ. ನಾನು ಅವನ ಮುಖ ನೋಡದೆ ತೊಟ್ಟಿಯೊಳಗೆ ಕೈಯಿಟ್ಟುಕೊಂಡು ನಿಂತಿದ್ದೆ. ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರೆ. ತಿನ್ನಿಸಿದವನು ಏನು ಕುಡಿಯಬೇಕು ಅಂತ ಯಾರೂ ಹೇಳಿಲ್ಲ.

ಆಮೇಲೆ ನಾನು ತಾಂಡವಪುರಕ್ಕೆ ಹೋಗುವುದನ್ನೇ ಕಡಿಮೆ ಮಾಡಿದೆ. ಬೇಸಿಗೆ, ವ್ಯಾಪಾರ ಜೋರು ಅಂದೆ. ಮಳೆಗಾಲದಲ್ಲಿ ಕಂಪ್ರೆಸರ್ ಕೆಟ್ಟಿದೆ ಅಂದೆ. ಹೋದರೂ ಬಾಗಿಲ ಹತ್ತಿರವೇ ಕೂತು, ಬಸ್ಸು ಬಸ್ಸು ಅನ್ನುತ್ತಾ ಎದ್ದು ಬರುತ್ತಿದ್ದೆ. ಅವಳು ಕೆಮ್ಮುತ್ತಾ, "ಇನ್ನೊಂದ್ ಗಳಿಗೆ ಕೂತ್ಕೊ ಅಣ್ಣ" ಅನ್ನುತ್ತಿದ್ದಳು. ಅವಳ ಮುಂದೆ ಕೂತರೆ ನನಗೆ ಎದೆಯ ಮೇಲೆ ಒರಳುಕಲ್ಲು ಇಟ್ಟ ಹಾಗಾಗುತ್ತಿತ್ತು. ಹೇಳಿಬಿಡಬೇಕು ಅಂತ ಎಷ್ಟೋ ಸಲ ಬಾಯಿ ತೆರೆದೆ. ಪ್ರತಿ ಸಲವೂ ಹವಾಮಾನದ ಮಾತಾಡಿ ಬಂದೆ.

ಎರಡು ಸಾವಿರದ ಐದರ ಫೆಬ್ರವರಿಯಲ್ಲಿ ಸಿದ್ದು ಫೋನ್ ಮಾಡಿದ. "ಬಾವ, ಅನ್ನ ನೀರು ಸೇರ್ತಿಲ್ಲ. ನಿಮ್ಮ ಸಬ್ಬಕ್ಕಿ ಐಸ್ ಬೇಕಂತೆ. ಅಣ್ಣನೇ ತರ್ಲಿ ಅಂತಾವ್ಳೆ."

ನನ್ನ ಕೈ ಆ ಐಸಿಗೆ ಏಳಲಿಲ್ಲ. ಆ ಎರಡು ವರ್ಷದಲ್ಲಿ ಸಬ್ಬಕ್ಕಿ ಐಸ್ ಮಾಡುವುದನ್ನೇ ಬಿಟ್ಟಿದ್ದೆ. ಎಂಟು ಎಳನೀರು ಕಟ್ಟಿಸಿ ಮಂಚಮ್ಮನ ಕೈಯಲ್ಲಿ ಕಳಿಸಿದೆ. ನಾಳೆ ಹೋಗುತ್ತೇನೆ ಅಂದುಕೊಂಡೆ. ನಾಳೆ ಅಂದದ್ದು ನಾಲ್ಕು ದಿನವಾಯಿತು. ಐದನೆಯ ದಿನ ಹೋದಾಗ ಅವಳನ್ನು ಜಗಲಿಯ ಮೇಲೆ ಮಲಗಿಸಿದ್ದರು. ಎಳನೀರು ಮೂರು ಹಾಗೇ ಉಳಿದಿದ್ದವು.

ಮುಂದಿನ ವರ್ಷ ಬೇಸಿಗೆಗೆ ಚೈತ್ರ ನಮ್ಮ ಮನೆಗೆ ಬಂದಳು. ಹದಿನೈದು ತುಂಬಿತ್ತು. ಅಮ್ಮನದೇ ಹುಬ್ಬು, ಅಮ್ಮನದೇ ಬಾಯಿ. ಬಂದ ಎರಡನೆಯ ದಿನವೇ, "ಮಾವ, ಸಬ್ಬಕ್ಕಿ ಐಸ್ ಮಾಡ್‌ಕೊಡಿ" ಅಂದಳು. ಆಗಲ್ಲ ಅಂದೆ. "ಯಾಕಾಗಲ್ಲ?" ಅಂತ ಅಮ್ಮನ ಹಾಗೇ ಜೋರು ಮಾಡಿದಳು. ಹೊಸ ಅಚ್ಚಿನಲ್ಲಿ ಮಾಡಿದೆ, ಸ್ಟೀಲಿನದು, ತೂತಿಲ್ಲ, ನಾಲ್ಕು ಸಲ ಬಿಸಿಲಿಗೆ ಹಿಡಿದು ನೋಡಿದ್ದೆ.

ಅವಳು ನುಗ್ಗೆ ಮರದ ಕೆಳಗೆ ಕೂತಳು. ಐಸ್ ಕೈಗೆ ತಗೊಂಡು, ಬಾಯಿಗೆ ಇಡುವ ಮೊದಲೇ ತುದಿಯನ್ನು ಲಟಕ್ಕನೆ ಮುರಿದು ಬುಡಕ್ಕೆ ಇಟ್ಟಳು.

"ನೀನೂ ಭೂಮ್ತಾಯಿಗೆ ಇಡ್ತೀಯೇನವ್ವ, ಅಮ್ಮನ ಹಂಗೆ?" ಅಂದೆ.

ಅವಳು ನಕ್ಕಳು. "ಭೂಮ್ತಾಯಿಗಲ್ಲ ಮಾವ. ನಿಮ್ಮ ಐಸ್ ತುದಿ ಉಪ್ಪು. ಅಮ್ಮ ಮೊದಲ್ನೇ ದಿನವೇ ಕಂಡ್ಕೊಂಡಿದ್ಲು. ಯಾವುದು ತೂತು ಅಂತ ಗೊತ್ತಾಗ್ತಿರಲಿಲ್ಲವಲ್ಲ, ಅದಕ್ಕೆ ಎಲ್ಲಾದ್ರದ್ದೂ ಮುರಿದು ಎಸೀತಿದ್ಲು. ಉಪ್ಪಿಂದು ಒಂದು ಚೂರೂ ತಿಂದಿಲ್ಲ, ಉಳಿದದ್ನೂ ನಾಲಿಗೆಗೆ ಹಚ್ಚಿ ನೋಡೇ ತಿಂತಿದ್ಲು. ನೀವು ಮಾರೋ ಐಸ್ ತಿನ್ನೋವಾಗ ನಂಗೂ ಮುರಿದು ತಿನ್ನು ಅಂತಿದ್ಲು, ಅದೇ ಅಭ್ಯಾಸ ಆಗದೆ."

ನಾನು ಅವಳ ಎದುರಿಗೆ ಕೂತೆ. "ನಂಗ್ಯಾಕೆ ಹೇಳ್ನಿಲ್ಲ?"

"ಹೇಳ್ಬೇಡ ಅಂದ್ಲು. ಮಾವಂಗೆ ಹೇಳಿದ್ರೆ ತಂಗೀಗೆ ನಾನೇ ಉಪ್ಪು ತಿನ್ನಿಸ್ಬಿಟ್ಟೆ ಅಂತ ಕೊರಗಿ ಕೊರಗಿ ಸಾಯ್ತಾನೆ, ಆಮೇಲೆ ನನ್ನ ಹತ್ರ ಬಂದು ಕೂತ್ಕೊಳ್ಳೋದೂ ಇಲ್ಲ ಅಂದ್ಲು."

ಚೈತ್ರ ಐಸ್ ತಿನ್ನುತ್ತಿದ್ದಳು. ಇಷ್ಟು ದಿನ ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು, ಇಳಿದ ಜಾಗದಲ್ಲಿ ಅದಕ್ಕಿಂತ ದೊಡ್ಡದು ಬಂದು ಕೂತಿತು. ನಾನು ಅವಳನ್ನು ಕೊಂದಿರಲಿಲ್ಲ. ಕೊಂದಿದ್ದೇನೆ ಅಂದುಕೊಂಡು ಎರಡು ವರ್ಷ ಅವಳಿಂದ ಓಡಿಹೋಗಿದ್ದೆ. ಇನ್ನೊಂದು ಗಳಿಗೆ ಕೂತುಕೊ ಅಂದಾಗ ಕೂತಿರಲಿಲ್ಲ. ಕೊನೆಗೆ ಒಂದು ಐಸ್ ಕೇಳಿದಾಗ ಎಳನೀರು ಕಳಿಸಿದ್ದೆ. ಇದನ್ನು ಯಾವ ಡಾಕ್ಟರೂ ಯಾರ ತಪ್ಪೂ ಅಲ್ಲ ಅನ್ನುವುದಿಲ್ಲ.

ಮರದ ಬುಡದಲ್ಲಿ ಮುರಿದ ತುದಿ ಕರಗುತ್ತಿತ್ತು, ಇರುವೆಗಳು ಬಂದಿದ್ದವು. ನಾನು ಅದನ್ನು ಎತ್ತಿ, ಮಣ್ಣು ಒರೆಸಿ ಬಾಯಿಗೆ ಹಾಕಿಕೊಂಡೆ. "ಮಾವ, ಅದು ಉಪ್ಪು!" ಅಂದಳು ಚೈತ್ರ. ಉಪ್ಪಿರಲಿಲ್ಲ. ಏಲಕ್ಕಿ, ತೆಂಗಿನ ಹಾಲು, ಬಾಯಿ ತುಂಬ ಸಬ್ಬಕ್ಕಿ. ಸಬ್ಬಕ್ಕಿಯೆಲ್ಲ ತುದಿಯಲ್ಲೇ ಇರುತ್ತದೆ. ನನ್ನ ತಂಗಿ ಹದಿನಾಲ್ಕು ದಿನ ನನ್ನ ಮುಂದೆ ಕೂತು ಸಬ್ಬಕ್ಕಿ ಐಸ್ ತಿಂದಳು, ಒಂದು ಸಬ್ಬಕ್ಕಿಯನ್ನೂ ತಿನ್ನಲಿಲ್ಲ, ದಿನವೂ ಚೆನ್ನಾಗಿದೆ ಅಂದಳು.